ಪಿಯುಸಿ ವಿಜ್ಞಾನದ ನಂತರ ಅಪ್ರೆಂಟಿಸ್: ಕೇಂದ್ರದ ಪೋರ್ಟಲ್ ಹಾಸನದ ಮಕ್ಕಳಿಗೆ ಎಷ್ಟು ಉಪಯೋಗ?

ಪಿಯುಸಿ ವಿಜ್ಞಾನ ಮುಗಿದ ಮೇಲೆ ಎಲ್ಲರೂ ಎಂಜಿನಿಯರಿಂಗಿಗೋ ಬಿ.ಎಸ್ಸಿ.ಗೋ ಹೋಗುವುದಿಲ್ಲ. ಮನೆಗೆ ಬೇಗ ದುಡಿಮೆ ಬೇಕಿರುವವರು, ಪುಸ್ತಕಕ್ಕಿಂತ ಲ್ಯಾಬ್ ಕೆಲಸವೇ ಹಿತ ಎನ್ನುವವರು, ಒಂದೆರಡು ವರ್ಷ ಕೈಕೆಲಸ ಕಲಿತು ಆಮೇಲೆ ಓದೋಣ ಎನ್ನುವವರು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಬೇಕಾದಷ್ಟಿದ್ದಾರೆ. ಅವರಿಗೆ ಇರುವ ಅಧಿಕೃತ ದಾರಿ ಅಪ್ರೆಂಟಿಸ್ ತರಬೇತಿ, ಅಂದರೆ ಕಂಪನಿಯಲ್ಲಿ ದುಡಿಯುತ್ತಲೇ ಕೆಲಸ ಕಲಿಯುವುದು. ಅದಕ್ಕಿರುವುದು ಕೇಂದ್ರ ಕೌಶಲ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಈ ವಿಮರ್ಶೆ ಆ ಸೇವೆಯದ್ದು. ಅದರ ಜೊತೆಗೆ, ಅದರೊಳಗೆ ಹಾಕುವ ಅರ್ಜಿ ಗಟ್ಟಿಯಾಗಿರಬೇಕಾದರೆ ಏನೇನು ಬೇಕು ಎನ್ನುವುದನ್ನೂ ಹೇಳುತ್ತೇವೆ, ಯಾಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯಲು ಆಗುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನೋಂದಣಿ, ಒಪ್ಪಂದ, ಸ್ಟೈಪೆಂಡ್ (ತರಬೇತಿ ಭತ್ಯೆ) ಈ ಮೂರಕ್ಕೂ ಪೋರ್ಟಲ್ ಒಳ್ಳೆಯದು. ಒಂದು ರೂಪಾಯಿ ಶುಲ್ಕವಿಲ್ಲ, ಕಾನೂನಿನ ಬೆಂಬಲ ಇದೆ, ಐದಕ್ಕೆ ನಾಲ್ಕು. ಹಾಸನದಲ್ಲಿ ಕೂತು ಲ್ಯಾಬ್ ಕೆಲಸ ಹುಡುಕುವುದಕ್ಕೆ ಸಾಧಾರಣ, ಐದಕ್ಕೆ ಎರಡೂವರೆ. ಅರ್ಜಿಯಲ್ಲಿ ಏನು ಬರೆದರೆ ಆಯ್ಕೆ ಆಗುತ್ತದೆ ಎನ್ನುವ ಮಾರ್ಗದರ್ಶನಕ್ಕೆ ಅಂಕ ಕೊಡಲು ನಮ್ಮಿಂದ ಆಗದು. ಹುಡುಗ ಹುಡುಗಿಯರು ಸೋಲುವುದು ಅಲ್ಲೇ. ಖಾಲಿ ಜಾಗ ಕೊಟ್ಟು 'ತುಂಬಿಸಿ' ಎಂದರೆ ಹದಿನೆಂಟರ ಮಗು ಏನು ತುಂಬಿಸೀತು?

ಮೊದಲು, ಯಾವ ಬಾಗಿಲು

ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ಗಳು ಎರಡು. ನ್ಯಾಟ್ಸ್ ಎನ್ನುವುದು ಶಿಕ್ಷಣ ಸಚಿವಾಲಯದ್ದು; ಪದವಿ, ಡಿಪ್ಲೊಮಾ ಮತ್ತು ವೃತ್ತಿಶಿಕ್ಷಣದ ಪ್ಲಸ್ ಟು ಆದವರಿಗೆ. ನ್ಯಾಪ್ಸ್ ಎನ್ನುವುದು 2016ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ. ಐದನೇ ತರಗತಿ ದಾಟಿದವರಿಂದ ಹಿಡಿದು ಪದವೀಧರರವರೆಗೆ ಅದರಲ್ಲಿ ಜಾಗವಿದೆ, ನಡೆಯುವುದು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್ ಮೂಲಕ. ಪಿಸಿಎಂಬಿ, ಪಿಸಿಎಂಸಿ ಓದಿ ಬರೀ ಪಿಯುಸಿ ಆದವರು ನ್ಯಾಟ್ಸ್‌ನಲ್ಲಿ ದಿನಗಟ್ಟಲೆ ಕೂತು, ಕೊನೆಗೆ 'ಕೋರ್ಸ್' ಪಟ್ಟಿಯಲ್ಲಿ ತಮ್ಮದು ಸಿಗದೆ, ಅಂದಾಜಿಗೆ ಯಾವುದೋ ಡಿಪ್ಲೊಮಾ ಆಯ್ದು ಅರ್ಜಿ ಕೆಡಿಸಿಕೊಳ್ಳುವುದು ಸಾಮಾನ್ಯ. ಆ ಕಡೆ ಹೋಗಬೇಡಿ. ಮುಂದೆ ಬಿ.ಎಸ್ಸಿ. ಮುಗಿದ ಮೇಲೆ ನ್ಯಾಟ್ಸ್ ಇದ್ದೇ ಇದೆ.

ಹಾಸನದಲ್ಲಿ ಎಲ್ಲರೂ ಮೊದಲು ಕೇಳುವುದು ಇಸ್ರೊ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಮುಖ್ಯ ನಿಯಂತ್ರಣ ಕೇಂದ್ರವಿದೆ, ಕಣ್ಣೆದುರಿಗೇ ಆಂಟೆನಾಗಳು ಕಾಣುತ್ತವೆ, ಆಸೆ ಸಹಜ. ಆದರೆ ಇಸ್ರೊ ಕೇಂದ್ರಗಳ ಅಪ್ರೆಂಟಿಸ್ ಪ್ರಕಟಣೆಗಳು ಸಾಮಾನ್ಯವಾಗಿ ಐಟಿಐ, ಡಿಪ್ಲೊಮಾ, ಪದವಿ ಆದವರಿಗೆ. ಬರೀ ಪಿಯುಸಿ ವಿಜ್ಞಾನಕ್ಕೆ ಹತ್ತಿರದ ದೊಡ್ಡ ಅವಕಾಶ ಬೇರೆ ಕಡೆ ಇದೆ: ಕೈಗಾ ಅಣುಸ್ಥಾವರದಂಥ ಕಡೆ ಕೇಂದ್ರದ ಅಣುವಿದ್ಯುತ್ ನಿಗಮ ಎನ್‌ಪಿಸಿಐಎಲ್ ತೆಗೆದುಕೊಳ್ಳುವ ಸ್ಟೈಪೆಂಡರಿ ಟ್ರೈನಿ (ಭತ್ಯೆ ಸಹಿತ ತರಬೇತಿ) ಹುದ್ದೆ. ಇದು ಅಪ್ರೆಂಟಿಸ್ ಕಾಯ್ದೆಯಡಿ ಬರುವುದಲ್ಲ, ಹಾಗಾಗಿ ಈ ಪೋರ್ಟಲ್‌ನಲ್ಲಿ ಕಾಣಿಸುವುದೂ ಇಲ್ಲ. ಪ್ರಕಟಣೆ ಸಂಸ್ಥೆಯ ಜಾಲತಾಣದಲ್ಲೇ ಬರುತ್ತದೆ. ಹಿಂದಿನ ಪ್ರಕಟಣೆಗಳಲ್ಲಿ ಆಪರೇಟರ್ ಟ್ರೈನಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಪಿಯುಸಿಯಲ್ಲಿ ಶೇ 50 ಅಂಕ, ಕನಿಷ್ಠ 160 ಸೆಂ.ಮೀ. ಎತ್ತರ, 45.5 ಕೆ.ಜಿ. ತೂಕ ಕೇಳಿದ್ದರು. ಮೊದಲ ಹಂತದ ಪರೀಕ್ಷೆಯ 50 ಪ್ರಶ್ನೆಗಳಲ್ಲಿ ಗಣಿತ 20, ವಿಜ್ಞಾನ 20, ಸಾಮಾನ್ಯ ಜ್ಞಾನ 10. ಪಿಯುಸಿ ಪಠ್ಯ ಮರೆಯುವ ಮೊದಲೇ ಬರೆಯಬೇಕಾದ ಪರೀಕ್ಷೆ ಅದು.

ಹೆಸರು, ಹುಟ್ಟಿದ ದಿನ, ಬ್ಯಾಂಕ್

ಪೋರ್ಟಲ್‌ನಲ್ಲಿ ಅಭ್ಯರ್ಥಿಯ ಪ್ರೊಫೈಲ್ ನಿಲ್ಲುವುದು ಆಧಾರ್ ಮೇಲೆ. ಕರ್ನಾಟಕದಲ್ಲಿ ಇಲ್ಲೊಂದು ಖಾಯಂ ತೊಡಕು ಇದೆ: ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಎಚ್.ಆರ್. ಎಂದಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಬದಲು ತಂದೆಯ ಪೂರ್ತಿ ಹೆಸರಿರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡೂ ಇರುವುದಿಲ್ಲ. ಕೆವೈಸಿ ದಾಟಿದರೂ, ಕಂಪನಿಯ ಎಚ್‌ಆರ್ (ಸಿಬ್ಬಂದಿ ವಿಭಾಗ) ದಾಖಲೆ ಪರಿಶೀಲಿಸುವಾಗಲೋ ಒಪ್ಪಂದ ತಯಾರಾಗುವಾಗಲೋ ಇದು ಎದ್ದು ನಿಲ್ಲುತ್ತದೆ. ತಿದ್ದುವುದಾದರೆ ಆಧಾರ್ ತಿದ್ದಿ, ಅಂಕಪಟ್ಟಿಯನ್ನಲ್ಲ. ಅಂಕಪಟ್ಟಿ ತಿದ್ದುಪಡಿ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಹೋಗಿ ಬರಬೇಕು, ತಿಂಗಳುಗಳ ಕೆಲಸ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು, ಅಕ್ಷರಕ್ಕೆ ಅಕ್ಷರ, ಚುಕ್ಕಿಗೆ ಚುಕ್ಕಿ ಹೊಂದಿಸಿ ಕೊಡಿ. ಕೌಂಟರಿನವರು ಟೈಪ್ ಮಾಡಿದ್ದನ್ನು ಚೀಟಿಯಲ್ಲಿ ಓದಿದ ಮೇಲೆಯೇ ಸಹಿ ಹಾಕಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು ಎಂಬುದನ್ನೂ ಇವತ್ತೇ ನೋಡಿಕೊಳ್ಳಿ. ಅಪ್ಪ ಹಿಂದೆ ಬಳಸಿ ಬಿಟ್ಟ ಸಿಮ್ ಆಗಿದ್ದರೆ ಓಟಿಪಿ ಬರುವುದಿಲ್ಲ, ಮುಂದಿನ ಒಂದು ಹೆಜ್ಜೆಯೂ ಸಾಗುವುದಿಲ್ಲ. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವವರು ಇಮೇಲ್, ಪಾಸ್‌ವರ್ಡ್ ಸೆಂಟರಿನವರದ್ದೇ ಕೊಡಲು ಬಿಡಬಾರದು. ಆಫರ್ ಬಂದದ್ದು ಅವರ ಇನ್‌ಬಾಕ್ಸ್‌ನಲ್ಲಿ ಕೊಳೆಯುತ್ತಿರುತ್ತದೆ, ಸ್ವೀಕರಿಸುವ ದಿನ ದಾಟಿರುತ್ತದೆ. ಮಗುವಿನ ಹೆಸರಿನಲ್ಲೇ ಹೊಸ ಇಮೇಲ್ ತೆರೆದು, ಪಾಸ್‌ವರ್ಡನ್ನು ಮನೆಯ ಡೈರಿಯಲ್ಲಿ ಬರೆದಿಡಿ. 'ರಿಜಿಸ್ಟ್ರೇಷನ್ ಫೀಸು' ಎಂದು ಯಾರಾದರೂ ಕೇಳಿದರೆ ಅದು ಅವರ ಫೀಸು, ಪೋರ್ಟಲ್‌ನದ್ದಲ್ಲ.

ವಯಸ್ಸಿನ ಬಗ್ಗೆ ಬಹಳ ಮಂದಿಗೆ ಗೊತ್ತಿಲ್ಲದ ಒಂದು ವಿಷಯ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 14 ತುಂಬಿದವರು ಅಪ್ರೆಂಟಿಸ್ ಆಗಬಹುದು, ಆದರೆ ಅಪಾಯಕಾರಿ ಕೈಗಾರಿಕೆಗೆ 18 ತುಂಬಿರಲೇಬೇಕು. ವಿಜ್ಞಾನದವರು ಹುಡುಕುವ ರಾಸಾಯನಿಕ, ಔಷಧ ಘಟಕಗಳು ಹೆಚ್ಚಾಗಿ ಈ ಗುಂಪಿನವೇ. ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಹದಿನೇಳೂವರೆ. ಅಂಥವರ ಅರ್ಜಿ ಎಷ್ಟೇ ಚೆನ್ನಾಗಿರಲಿ, ಬದಿಗೆ ಹೋಗುತ್ತದೆ. ಕಾರಣ ಯಾರೂ ಹೇಳುವುದಿಲ್ಲ. ಹದಿನೆಂಟು ತುಂಬಲು ನಾಲ್ಕೈದು ತಿಂಗಳಿದ್ದರೆ ಆಹಾರ ಸಂಸ್ಕರಣೆಯಂಥ ಕಡೆ ಮೊದಲು ಹಾಕಿ, ರಾಸಾಯನಿಕ ಘಟಕಗಳಿಗೆ ಹುಟ್ಟುಹಬ್ಬದ ನಂತರ ಹಾಕಿ. ಹದಿನೆಂಟಾಗದವರ ಒಪ್ಪಂದಕ್ಕೆ ತಂದೆ ತಾಯಿ ಅಥವಾ ಪೋಷಕರ ಸಹಿ ಬೇಕು.

ಬ್ಯಾಂಕ್ ಖಾತೆಯದ್ದು ಇನ್ನೂ ಸೂಕ್ಷ್ಮ. ಸ್ಟೈಪೆಂಡಿನ ಸರ್ಕಾರದ ಪಾಲು ನೇರವಾಗಿ ಅಪ್ರೆಂಟಿಸ್ ಖಾತೆಗೇ ಬೀಳುತ್ತದೆ, ಅದೂ ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಬೀಳಲೆಂದು ಆಧಾರ್ ಸಂಖ್ಯೆಗೆ ಜೋಡಿಸಿದ ಖಾತೆಗೆ ಮಾತ್ರ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟರೆ ಸೀಡಿಂಗ್ ಆದಂತೆ ಅಲ್ಲ, ಎರಡೂ ಬೇರೆ. ಒಬ್ಬರಿಗೆ ಎಷ್ಟು ಖಾತೆ ಇದ್ದರೂ ಸೀಡಿಂಗ್ ಇರುವುದು ಒಂದಕ್ಕೆ, ಕೊನೆಯಲ್ಲಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರೋ ಅದಕ್ಕೆ. ಮೈ ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ನೋಡಬಹುದು. ಅದಕ್ಕಿಂತ ಸುಲಭದ ಗುರುತು: ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ ಯಾವ ಖಾತೆಗೆ ಬಂದಿತ್ತೋ ನೆನಪಿಸಿಕೊಳ್ಳಿ, ಆಮೇಲೆ ಬದಲಿಸಿಲ್ಲವಾದರೆ ಅದೇ. ಆ ಖಾತೆ ಮೈನರ್ ಖಾತೆಯಾಗಿದ್ದು ಈಗ ಹದಿನೆಂಟು ದಾಟಿದ್ದರೆ, ಶಾಖೆಗೆ ಹೋಗಿ ಹೊಸದಾಗಿ ಕೆವೈಸಿ ಮಾಡಿಸದಿದ್ದರೆ ವ್ಯವಹಾರ ನಿಂತುಬಿಡುತ್ತದೆ.

ಹುಡುಕುವುದು ಹೇಗೆ

ಪೋರ್ಟಲ್‌ನ ಹುಡುಕುವ ಜಾಗದಲ್ಲಿ 'ವಿಜ್ಞಾನ' ಎಂದು ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲವೂ ಟ್ರೇಡ್ (ಕಲಿಯುವ ಕೆಲಸದ ವಿಭಾಗ) ಹೆಸರಿನಲ್ಲಿ ಕೂತಿದೆ. ಲ್ಯಾಬೊರೇಟರಿ ಅಸಿಸ್ಟೆಂಟ್ ಕೆಮಿಕಲ್ ಪ್ಲಾಂಟ್, ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕೆಮಿಕಲ್ ಪ್ಲಾಂಟ್, ಮೆಡಿಕಲ್ ಲ್ಯಾಬೊರೇಟರಿ ಟೆಕ್ನಿಷಿಯನ್ ಪೆಥಾಲಜಿ, ಇವು ನಿಗದಿತ ಟ್ರೇಡುಗಳು. ಇವಲ್ಲದೆ ಕಂಪನಿಗಳೇ ರೂಪಿಸುವ ಆಪ್ಷನಲ್ ಟ್ರೇಡುಗಳಿವೆ, ಆರು ತಿಂಗಳಿಂದ ಮೂರು ವರ್ಷದವರೆಗೆ. ಔಷಧ ಮತ್ತು ಆಹಾರ ಕ್ಷೇತ್ರದ ಕ್ವಾಲಿಟಿ ಕಂಟ್ರೋಲ್ (ಕ್ಯೂಸಿ, ಗುಣಮಟ್ಟ ಪರೀಕ್ಷೆ) ಕೆಲಸಗಳು ಹೆಚ್ಚಾಗಿ ಸಿಗುವುದು ಅಲ್ಲಿ. ಐಟಿಐ ಮಾಡದೆ ಪಿಯುಸಿಯಿಂದ ನೇರ ಬರುವವರನ್ನು ಫ್ರೆಷರ್ ಎನ್ನುತ್ತಾರೆ. ಅವರಿಗೆ ಮೊದಲು ಬೇಸಿಕ್ ಟ್ರೇನಿಂಗ್, ನಂತರ ಘಟಕದಲ್ಲಿ ಕೆಲಸ ಕಲಿಕೆ. ಪ್ರಕಟಣೆಯಲ್ಲಿ 'ಐಟಿಐ ಮಾತ್ರ' ಎಂದಿದೆಯೋ 'ಫ್ರೆಷರ್' ಎಂದಿದೆಯೋ ಎಂಬ ಒಂದು ಸಾಲು ಓದದೆ ಹಾಕಿದ ಅರ್ಜಿಗಳೇ ಹೆಚ್ಚು ವ್ಯರ್ಥವಾಗುವುದು.

ಜಿಲ್ಲೆಯ ಜಾಗದಲ್ಲಿ ಹಾಸನ ಒಂದನ್ನೇ ಆಯ್ದರೆ ಲ್ಯಾಬ್ ಕೆಲಸಗಳು ವಿರಳ. ಮೈಸೂರು ಸೇರಿಸಿ, ನಂಜನಗೂಡಿನ ಕೈಗಾರಿಕಾ ಪ್ರದೇಶ ಅದರಲ್ಲಿ ಬರುತ್ತದೆ. ತುಮಕೂರು, ಬೆಂಗಳೂರು ಗ್ರಾಮಾಂತರವನ್ನೂ ಸೇರಿಸಿ. ಹಾಗೆಂದು ಊರಿನಲ್ಲಿ ಕೆಲಸವೇ ಇಲ್ಲ ಎಂದಲ್ಲ. ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ತನ್ನ ಸಿಬ್ಬಂದಿ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಹಾಲಿನ ಸಂಸ್ಕರಣಾ ಘಟಕ, ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಘಟಕ), ಬಟ್ಟೆಗೆ ಬಣ್ಣ ಹಾಕುವ ಘಟಕ, ದೊಡ್ಡ ಆಸ್ಪತ್ರೆ, ಎಲ್ಲ ಕಡೆ ಲ್ಯಾಬ್ ಇದೆ. ಅವರ ಎಚ್‌ಆರ್ ಕಚೇರಿಗೆ ಒಂದು ಪುಟದ ಪತ್ರ, ಪೋರ್ಟಲ್ ನೋಂದಣಿ ಸಂಖ್ಯೆ ಬರೆದ ಬಯೋಡೇಟಾ ಹಿಡಿದು ಹೋಗಿ, 'ಸರ್, ಲ್ಯಾಬಿಗೆ ಅಪ್ರೆಂಟಿಸ್ ಅವಕಾಶ ಪೋರ್ಟಲ್‌ನಲ್ಲಿ ಹಾಕ್ತೀರಾ?' ಎಂದು ಕೇಳಿ. ಪೋರ್ಟಲ್‌ನಲ್ಲಿ ಇನ್ನೂ ಕಾಣದ ಅವಕಾಶ ಹೀಗೆ ಕೇಳಿದಾಗ ಹುಟ್ಟುತ್ತದೆ. ಪೋರ್ಟಲ್‌ನ ಮಿತಿ ಮೀರಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿಲ್ಲ.

ಕಾಫಿ ಕಡೆ ಹೋಗುವವರು ಕಾಲ ನೋಡಬೇಕು. ಕೊಯ್ಲು ಶುರುವಾಗುವುದು ನವೆಂಬರ್ ಸುಮಾರಿಗೆ, ಕ್ಯೂರಿಂಗ್ ಕೆಲಸ ಅದರ ಬೆನ್ನಿಗೆ ಬಿಸಿಯಾಗುತ್ತದೆ. ಏಪ್ರಿಲ್, ಮೇಯಲ್ಲಿ ಫಲಿತಾಂಶ ಹಿಡಿದು ಹೋದರೆ ಅಲ್ಲಿ ಸುಗ್ಗಿ ಮುಗಿಯುವ ಹೊತ್ತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೇಳಿದರೆ ಕಿವಿಗೊಡುತ್ತಾರೆ.

ಬರೆಯುವ ಜಾಗದಲ್ಲಿ ಏನು ಬರೆಯಬೇಕು

ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಹತ್ತು ಅರ್ಜಿ ತೆಗೆದರೆ ಒಂಬತ್ತರಲ್ಲಿ ಒಂದೇ ಮಾತು: ಕಷ್ಟಪಟ್ಟು ಕೆಲಸ ಮಾಡುವವನು, ಬೇಗ ಕಲಿಯುವವಳು, ವಿಜ್ಞಾನದಲ್ಲಿ ಅಪಾರ ಆಸಕ್ತಿ. ಓದುವವರು ಲ್ಯಾಬ್ ಸೂಪರ್‌ವೈಸರ್. ಅವರಿಗೆ ಬೇಕಾದದ್ದು ಈ ಮಗು ಬ್ಯುರೆಟ್ (ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ) ಹಿಡಿದಿದೆಯಾ, ಓದಿದ ಅಳತೆಯನ್ನು ಇದ್ದ ಹಾಗೇ ಬರೆಯುತ್ತದಾ, ಆಸಿಡ್ ಬಾಟಲಿ ಮುಟ್ಟುವ ಮೊದಲು ಯೋಚಿಸುತ್ತದಾ ಎನ್ನುವುದು. ಗುಣವಾಚಕಗಳಿಂದ ಅದು ಗೊತ್ತಾಗುವುದಿಲ್ಲ. ಮಾಡಿದ ಒಂದು ಪ್ರಯೋಗದ ಹೆಸರು, ಅಳತೆ, ಕೆಟ್ಟರೆ ಯಾಕೆ ಕೆಡುತ್ತದೆ, ಇವನ್ನು ಬರೆದರೆ ಗೊತ್ತಾಗುತ್ತದೆ.

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಎಲ್ಲರೂ ಮಾಡುವ ಪರ್ಮ್ಯಾಂಗನೇಟ್ ಟೈಟ್ರೇಷನ್ ತೆಗೆದುಕೊಳ್ಳಿ. 'ಟೈಟ್ರೇಷನ್ ಬರುತ್ತದೆ' ಎಂದು ಬರೆಯುವ ಬದಲು ಹೀಗೆ ಬರೆಯಿರಿ: 'ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಸಾರರಿಕ್ತ (ಡೈಲ್ಯೂಟ್) ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಬ್ಯುರೆಟ್‌ನಿಂದ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಬಿಟ್ಟು ತಿಳಿ ಗುಲಾಬಿ ನಿಲ್ಲುವವರೆಗೆ ಟೈಟ್ರೇಟ್ ಮಾಡಿದ್ದೇನೆ. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಮೇಲಿನ ಮಿನಿಸ್ಕಸ್ (ದ್ರವದ ಬಾಗಿದ ಮೇಲ್ಮೈ) ಓದುತ್ತೇನೆ. ಒಂದಕ್ಕೊಂದು ಹೊಂದುವ ಎರಡು ಅಳತೆ ಬರುವವರೆಗೆ ಮತ್ತೆ ಮಾಡುತ್ತೇನೆ.' ಮೂರು ವಾಕ್ಯ, ಮೂರೂ ಪರೀಕ್ಷಿಸಬಹುದಾದ ಮಾತು. ಅರ್ಜಿಯಲ್ಲಿ ಇದನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಬಹುಪಾಲು ಕಂಪನಿಗಳು ಅದನ್ನೇ ನಿರೀಕ್ಷಿಸುತ್ತವೆ. ಆದರೆ ವಾಕ್ಯ ಚಿಕ್ಕದಿರಲಿ, ನಿಮ್ಮದೇ ಇರಲಿ. ಬೇರೆಯವರ ಬಯೋಡೇಟಾದಿಂದ ಎತ್ತಿದ ಇಂಗ್ಲಿಷ್ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಹೀಗೆ ಬರೆದರೆ ಸಂದರ್ಶನವೂ ನೀವು ಬಲ್ಲ ಜಾಗದಲ್ಲೇ ನಡೆಯುತ್ತದೆ.

'ಏನಮ್ಮ, ಸಲ್ಫ್ಯೂರಿಕ್ಕೇ ಯಾಕೆ? ಹೈಡ್ರೋಕ್ಲೋರಿಕ್ ಹಾಕಿದ್ರೆ ಏನಾಗತ್ತೆ?'

'ಪರ್ಮ್ಯಾಂಗನೇಟ್ ಅದನ್ನೂ ಆಕ್ಸಿಡೈಸ್ ಮಾಡಿ ಕ್ಲೋರಿನ್ ಬರತ್ತೆ ಸರ್. ರೀಡಿಂಗ್ ಜಾಸ್ತಿ ಬಂದುಬಿಡತ್ತೆ.'

'ನೈಟ್ರಿಕ್?'

'ಅದೇ ಆಕ್ಸಿಡೈಸ್ ಮಾಡೋದು ಸರ್, ಅಲ್ಲಿ ರೀಡಿಂಗ್ ಕಮ್ಮಿ ಬರತ್ತೆ.'

ಇನ್ನೆರಡು ಪ್ರಶ್ನೆ ಇದರ ಬೆನ್ನಿಗೇ ಬರುತ್ತವೆ. ಬಿಸಿ ಮಾಡುವುದು ಯಾಕೆ? ತಣ್ಣಗಿದ್ದರೆ ಕ್ರಿಯೆ ನಿಧಾನ, ಹಾಕಿದ ಬಣ್ಣ ಹೋಗದೆ ನಿಂತು, ಎಂಡ್ ಪಾಯಿಂಟ್ ಬಂತೆಂದು ಮೋಸ ಹೋಗುತ್ತೀರಿ. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ, ಆಮೇಲೆ ಬೇಗ ಹೋಗುತ್ತದಲ್ಲ, ಯಾಕೆ? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಚುರುಕು ಮಾಡುತ್ತದೆ. ಫ್ಲಾಸ್ಕಿನಲ್ಲಿ ಕಂದು ಬಣ್ಣ ಬಂದರೆ? ಆಮ್ಲ ಸಾಲದೆ ಮ್ಯಾಂಗನೀಸ್ ಡೈಆಕ್ಸೈಡ್ ಬಂದಿದೆ. ಆ ಸಲದ್ದು ಚೆಲ್ಲಿ ಮತ್ತೆ ಮಾಡಬೇಕು. 'ಚೆಲ್ಲಿ ಮತ್ತೆ ಮಾಡುತ್ತೇನೆ' ಎನ್ನುವ ಉತ್ತರಕ್ಕೆ ಲ್ಯಾಬಿನವರು ಕೊಡುವ ಬೆಲೆ ತೊಂಬತ್ತು ಶೇಕಡಾ ಅಂಕಕ್ಕೂ ಸಿಗುವುದಿಲ್ಲ. ಕ್ವಾಲಿಟಿ ಲ್ಯಾಬಿನಲ್ಲಿ ಅತಿ ದೊಡ್ಡ ಅಪರಾಧ ಬಂದ ಅಳತೆಯನ್ನು ಬೇಕಾದ ಅಳತೆಗೆ ಹೊಂದಿಸಿ ಬರೆಯುವುದು.

ಭೌತಶಾಸ್ತ್ರದಿಂದಲೂ ಒಂದು ಸಾಲು ಇರಲಿ. ಸ್ಕ್ರೂ ಗೇಜ್‌ನ ಲೀಸ್ಟ್ ಕೌಂಟ್ 0.01 ಮಿ.ಮೀ., ಓದುವ ಮೊದಲು ಜೀರೊ ಎರರ್ ನೋಡುತ್ತೇನೆ ಎನ್ನುವ ವಾಕ್ಯ ಸಾಕು. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್‌ಗೆ ಹಾಕುವವರು ಮೀಟರ್ ಬ್ರಿಡ್ಜ್, ಪಿ-ಎನ್ ಜಂಕ್ಷನ್ ಪ್ರಯೋಗ ಸೇರಿಸಲಿ. ಪಿಯುಸಿ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಸಂದರ್ಶನಕ್ಕೆ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದರ ಕೈಬರಹ, ತಿದ್ದಿದ ಕಡೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಅಳತೆ ಬರೆದ ಅಭ್ಯಾಸ, ಇವೇ ಅರ್ಧ ಸಾಕ್ಷಿ. ಲ್ಯಾಬ್ ದಾಖಲೆಯಲ್ಲಿ ವೈಟ್ನರ್ ಹಚ್ಚುವುದು ನಿಷಿದ್ಧ ಎಂದು ತಿಳಿದ ಮಗುವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಪಟ್ಟಣದವರಿಗಿಲ್ಲದ ಒಂದು ಬಲವಿದೆ, ಅದನ್ನು ಅವರು ಬರೆಯುವುದೇ ಇಲ್ಲ. ಊರಿನ ಹಾಲಿನ ಡೇರಿ. ಈಗ ಬಹಳ ಕಡೆ ಯಂತ್ರವೇ ಫ್ಯಾಟ್ ತೋರಿಸುತ್ತದೆ, ಆದರೆ ಗರ್ಬರ್ ಪರೀಕ್ಷೆಯ ವಿಧಾನ ತಿಳಿದಿರುವುದು ಹಾಲಿನ ಘಟಕದ ಲ್ಯಾಬಿಗೆ ಹಾಕುವವರಿಗೆ ದೊಡ್ಡ ಆಸ್ತಿ. ಬ್ಯುಟೈರೊಮೀಟರಿಗೆ (ಫ್ಯಾಟ್ ಅಳೆಯುವ ಗಾಜಿನ ಕೊಳವೆ) ಮೊದಲು 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ, ಅದರ ಮೇಲೆ ಗೋಡೆಗುಂಟ ನಿಧಾನವಾಗಿ 10.75 ಮಿ.ಲೀ. ಹಾಲು, ಆಮೇಲೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್, ಮುಚ್ಚಿ ಅಲುಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ಓದುವುದು. ಆಮ್ಲ ಅತಿ ಪ್ರಬಲವಾದರೆ ಸುಟ್ಟ ಕರಿ ಕಣಗಳು, ದುರ್ಬಲವಾದರೆ ಕರಗದ ಬಿಳಿ ಮೊಸರಿನ ತುಣುಕುಗಳು ಫ್ಯಾಟ್ ಪದರದ ಕೆಳಗೆ ನಿಂತು ಅಳತೆ ತಪ್ಪಿಸುತ್ತವೆ. ಡೇರಿಯಲ್ಲಿ ಕಾರ್ಯದರ್ಶಿಗೆ ಜೊತೆಯಾಗಿ ಹಾಲಿನ ಮಾದರಿ ತೆಗೆದು, ಪುಸ್ತಕ ಬರೆದ ಅಭ್ಯಾಸವಿದ್ದರೆ ಅದನ್ನು ಅನುಭವ ಎಂದೇ ಬರೆಯಿರಿ. ಕಾರ್ಯದರ್ಶಿಯಿಂದ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿ ಪಿಡಿಎಫ್ ಮಾಡಿಡಿ.

ಚಿಕ್ಕಮಗಳೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಕಾಫಿ ಅಂಥದ್ದೇ. ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ಒಳಪೊರೆ ಉಳಿಸಿದ ಬೀಜ) ತೇವಾಂಶ ಶೇ 10ಕ್ಕೆ ಇಳಿಯಬೇಕು. ಹೆಚ್ಚಿದ್ದರೆ ಗೋಣಿಯಲ್ಲೇ ಬೂಷ್ಟು. ಗ್ರೇಡಿಂಗ್‌ನಲ್ಲಿ ಪ್ಲಾಂಟೇಷನ್ 'ಎಎ' ದರ್ಜೆಗೆ 7.10 ಮಿ.ಮೀ., 'ಎ' ದರ್ಜೆಗೆ 6.65, 'ಬಿ' ದರ್ಜೆಗೆ 6.00 ಮಿ.ಮೀ. ಜರಡಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದೂ, ತೋಟದ ಮನೆಯ ಮಕ್ಕಳು ಬಯೋಡೇಟಾದಲ್ಲಿ ಕಾಫಿಯ ಮಾತೇ ಎತ್ತದೆ 'ಹವ್ಯಾಸ: ಕ್ರಿಕೆಟ್' ಎಂದು ಬರೆಯುವುದು ನೋಡಿದರೆ ಬೇಸರವಾಗುತ್ತದೆ.

ಎಸ್ಸೆಸ್ಸೆಲ್ಸಿಯಷ್ಟೇ ಆದವರು ಹೆದರಬೇಕಿಲ್ಲ. ಲ್ಯಾಬೊರೇಟರಿ ಅಸಿಸ್ಟೆಂಟ್, ಅಟೆಂಡೆಂಟ್ ಆಪರೇಟರ್ ಟ್ರೇಡುಗಳು ವಿಜ್ಞಾನ, ಗಣಿತ ಇರುವ ಹತ್ತನೇ ತರಗತಿಯಿಂದಲೇ ಶುರು. ಪೆಥಾಲಜಿ ಲ್ಯಾಬಿಗೆ ಮಾತ್ರ ಪಿಯುಸಿ ಜೀವಶಾಸ್ತ್ರ ಬೇಕು.

ದಾಖಲೆಗಳಲ್ಲಿ ಉಳಿದ ಎರಡು ಮಾತು. ಪರೀಕ್ಷೆ-2ರಲ್ಲೋ 3ರಲ್ಲೋ ಅಂಕ ಹೆಚ್ಚಿಸಿಕೊಂಡವರು ಹಳೆಯ ಅಂಕಪಟ್ಟಿಯ ಸ್ಕ್ಯಾನ್ ಹಾಕಿ, ಹೊಸ ಅಂಕ ಟೈಪ್ ಮಾಡಬಾರದು. ಎರಡೂ ಒಂದೇ ಇರಬೇಕು. ಡಿಜಿಲಾಕರ್‌ನಿಂದ ಇಳಿಸಿಕೊಂಡ ಪ್ರತಿ ಮೊಬೈಲ್‌ನಲ್ಲಿ ಹೊಡೆದ ಓರೆ ಫೋಟೊಗಿಂತ ಎಷ್ಟೋ ಮೇಲು. ಎರಡನೆಯದು ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ 2ಎ, 3ಬಿ ಪತ್ರ ರಾಜ್ಯದ ಮೀಸಲಾತಿಗೆ. ಕೇಂದ್ರದ ಸಂಸ್ಥೆಗಳು ಕೇಳುವ ಒಬಿಸಿ ಪತ್ರದ ನಮೂನೆ ಬೇರೆ, ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು. ಕೊನೆಯ ದಿನ ಇದು ಗೊತ್ತಾದರೆ ತಹಶೀಲ್ದಾರರ ಸಹಿಗೆ ಕಾಯುವಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ.

ಮೇಳ ಎಂಬ ಪಕ್ಕದ ಬಾಗಿಲು

ಪ್ರಧಾನಮಂತ್ರಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಮೇಳವನ್ನು ತಿಂಗಳ ಎರಡನೇ ಸೋಮವಾರ ನಡೆಸುವ ಪದ್ಧತಿ 2022ರಿಂದ ಇದೆ. ಸರ್ಕಾರಿ ಐಟಿಐಯಲ್ಲಿ ವಿಚಾರಿಸಿದರೆ ಹತ್ತಿರದಲ್ಲಿ ಎಲ್ಲಿ ಎಂದು ಹೇಳುತ್ತಾರೆ. ಬಯೋಡೇಟಾ ಮೂರು ಪ್ರತಿ, ಎಲ್ಲ ಅಂಕಪಟ್ಟಿಗಳ ಮೂರು ಮೂರು ಪ್ರತಿ, ಮೂರು ಪಾಸ್‌ಪೋರ್ಟ್ ಅಳತೆಯ ಫೋಟೊ, ಗುರುತಿನ ಚೀಟಿ ಬೇಕು. ಅಲ್ಲಿ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್ ಕೇಳುವವರೇ ಹೆಚ್ಚು. ಹಾಗಾಗಿ ಮೇಜಿನ ಮುಂದೆ ನಿಂತು 'ನಿಮ್ಮಲ್ಲಿ ಕ್ಯೂಸಿ ಲ್ಯಾಬ್ ಇದೆಯಾ ಸರ್?' ಎಂದು ನೇರ ಕೇಳಬೇಕು. ಬಾಯಿ ಬಿಟ್ಟು ಕೇಳಿದವರಿಗೆ ಪೋರ್ಟಲ್‌ಗಿಂತ ಮೇಳ ಬೇಗ ಉತ್ತರ ಕೊಡುತ್ತದೆ. ಸುಮ್ಮನೆ ನಿಂತವರಿಗೆ ಎರಡೂ ಅಷ್ಟಕ್ಕಷ್ಟೇ.

ಹಣ ಮತ್ತು ಒಪ್ಪಂದ

2019ರ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಹತ್ತನೇ ತರಗತಿ ಆದವರಿಗೆ 6,000, ಪಿಯುಸಿ ಆದವರಿಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000 ರೂಪಾಯಿ. ಎರಡನೇ ವರ್ಷ ಶೇ 10 ಏರಿಕೆ. ಇದನ್ನು ಶೇ 36ರಷ್ಟು ಹೆಚ್ಚಿಸಬೇಕೆಂದು ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ, ಆದ್ದರಿಂದ ಆಫರ್ ಬಂದ ದಿನ ಜಾರಿಯಲ್ಲಿರುವ ಮೊತ್ತ ಯಾವುದೆಂದು ನೋಡಿಕೊಳ್ಳಿ. ಇದರಲ್ಲಿ ಸರ್ಕಾರದ ಪಾಲು ಶೇ 25, ಗರಿಷ್ಠ 1,500 ರೂಪಾಯಿ. ಅಂದರೆ 7,000ದಲ್ಲಿ 5,500 ಕಂಪನಿಯಿಂದ, 1,500 ಸರ್ಕಾರದಿಂದ, ಬೇರೆ ಬೇರೆ ದಿನ ಖಾತೆಗೆ ಬರುತ್ತದೆ. ಮೊದಲ ತಿಂಗಳು 5,500 ಮಾತ್ರ ಕಂಡು 'ಕಡಿಮೆ ಕೊಟ್ಟರು' ಎಂದು ಜಗಳಕ್ಕೆ ಹೋಗುವ ಮೊದಲು ಈ ಲೆಕ್ಕ ನೆನಪಿರಲಿ. ಒಂದೆರಡು ತಿಂಗಳಾದರೂ 1,500 ಬಾರದಿದ್ದರೆ ಮೊದಲು ನೋಡಬೇಕಾದದ್ದು ಸೀಡಿಂಗ್.

ಈ ಹಣದಲ್ಲಿ ಬೆಂಗಳೂರಿನ ಪಿಜಿಯಲ್ಲಿದ್ದು ಊಟ ಮಾಡುವುದು ಕಷ್ಟ ಎಂದು ಖಡಾಖಂಡಿತವಾಗಿ ಹೇಳುತ್ತೇವೆ. ಕಂಪನಿಯಲ್ಲಿ ಕ್ಯಾಂಟೀನ್, ವಾಹನ, ವಸತಿ ಏನಿದೆ ಎಂದು ಆಫರ್ ಒಪ್ಪುವ ಮೊದಲೇ ಕೇಳಿ. ಮನೆಯಿಂದ ಓಡಾಡುವಷ್ಟು ದೂರದಲ್ಲಿ ಸಿಕ್ಕರೆ ಹೆಸರು ಸಣ್ಣದಾದರೂ ಅದೇ ಲಾಭ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನ ಖರ್ಚಿಲ್ಲ, ಅರಸೀಕೆರೆಯಿಂದಲೋ ಹೊಳೆನರಸೀಪುರದಿಂದಲೋ ಹಾಸನಕ್ಕೆ ದಿನಾ ಬಂದು ಹೋಗಬಹುದು. ಪಾಳಿ ಇದ್ದರೆ ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ.

ಪೋರ್ಟಲ್‌ನ ಅತ್ಯಂತ ಬೆಲೆಬಾಳುವ ಭಾಗ ಒಪ್ಪಂದ. ಅದರಲ್ಲಿ ಟ್ರೇಡ್ ಹೆಸರು, ಆರಂಭ ಮತ್ತು ಮುಕ್ತಾಯದ ದಿನ, ಸ್ಟೈಪೆಂಡ್ ಇರುತ್ತದೆ. ಲ್ಯಾಬ್ ಅಸಿಸ್ಟೆಂಟ್ ಎಂದು ಮಾತಾಡಿ, ಒಪ್ಪಂದದಲ್ಲಿ ಪ್ಯಾಕಿಂಗ್ ಟ್ರೇಡ್ ಬಂದಿದ್ದರೆ ಸಹಿಗೆ ಮೊದಲೇ ಕೇಳಬೇಕು; ಪ್ರಮಾಣಪತ್ರದಲ್ಲಿ ಮುಂದೆ ಬರುವುದು ಒಪ್ಪಂದದಲ್ಲಿರುವ ಹೆಸರೇ. 'ಈಗ ಕೆಲಸಕ್ಕೆ ಬನ್ನಿ, ಕಾಂಟ್ರಾಕ್ಟ್ ಆಮೇಲೆ ಮಾಡೋಣ' ಎಂದರೆ ಒಪ್ಪಬೇಡಿ. ಪೋರ್ಟಲ್‌ನಲ್ಲಿ ಒಪ್ಪಂದವಿಲ್ಲದೆ ದುಡಿದ ದಿನಗಳು ತರಬೇತಿ ಲೆಕ್ಕಕ್ಕೆ ಸೇರುವುದಿಲ್ಲ, ಸರ್ಕಾರದ ಪಾಲೂ ಬರುವುದಿಲ್ಲ. ಲ್ಯಾಬಿನಲ್ಲಿ ಆಸಿಡ್ ತಾಗಿಯೋ ಗಾಜು ಒಡೆದೋ ಗಾಯವಾದರೆ ಪರಿಹಾರ ಕೊಡಬೇಕಾದ ಹೊಣೆ ಕಾಯ್ದೆಯ ಪ್ರಕಾರ ಕಂಪನಿಯದ್ದು, ಆದರೆ ನೀವು ಅಲ್ಲಿನ ಅಪ್ರೆಂಟಿಸ್ ಎಂದು ತೋರಿಸುವ ಕಾಗದ ಇದೊಂದೇ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಕಂಪನಿಗಿಲ್ಲ ಎಂಬುದೂ ಮನೆಯವರಿಗೆ ಮೊದಲೇ ತಿಳಿದಿರಲಿ.

ಎರಡು ಮೂರು ಕಡೆಯಿಂದ ಆಫರ್ ಬಂದರೆ ಒಂದನ್ನು ಒಪ್ಪಿ, ಉಳಿದವನ್ನು ಪೋರ್ಟಲ್‌ನಲ್ಲೇ ಅದೇ ದಿನ ನಿರಾಕರಿಸಿ. ಸುಮ್ಮನೆ ಬಿಟ್ಟರೆ ಆ ಜಾಗ ನಿಮ್ಮ ಹೆಸರಿನಲ್ಲಿ ಕಾದುಕೊಂಡಿರುತ್ತದೆ, ಅದೇ ಕಾಲೇಜಿನ ಇನ್ನೊಬ್ಬರಿಗೆ ಸಿಗಬೇಕಾದದ್ದು ತಡವಾಗುತ್ತದೆ.